ಹಾಳೆ ತೆರೆದಿರುವಾಗ

ಯಂತ್ರಗಳು ತಮ್ಮಷ್ಟಕ್ಕೆ ತಾವೇ ಏನನ್ನೂ ಮಾಡಕೂಡದು, ಮನುಷ್ಯರು ಬರೆದುಕೊಟ್ಟ ಮೇಲೆಯೇ ಮಾಡಬೇಕು ಎಂಬ ಕಾಯ್ದೆ ಬಂದಾಗ ನನಗೆ ಹನ್ನೆರಡು ವರ್ಷ. ಅದಕ್ಕೂ ಮೊದಲು ಅವು ತಾವೇ ಯೋಚಿಸಿ ತಾವೇ ಮಾಡುತ್ತಿದ್ದವಂತೆ. ಎಲ್ಲೋ ಒಂದು ಕ್ರೇನು ತನ್ನ ಬುದ್ಧಿ ಓಡಿಸಿ ಹನ್ನೊಂದು ಜನರ ಮೇಲೆ ಕಬ್ಬಿಣದ ತೊಲೆ ಇಳಿಸಿತು. ಹೊಣೆ ಯಾರದೆಂದು ಕೇಳಿದರೆ ಎಲ್ಲರೂ ಕ್ರೇನಿನ ಕಡೆ ಬೆರಳು ತೋರಿಸಿದರು. ಆಮೇಲೆ ಬಂದದ್ದು ಬರಹ ಕಾಯ್ದೆ. ನೀರಿನ ಪಂಪಾಗಲಿ, ರೈಲಿನ ಸಿಗ್ನಲ್ಲಾಗಲಿ, ಹಿಟ್ಟಿನ ಗಿರಣಿಯಾಗಲಿ, ಕೆಲಸಕ್ಕೆ ಕೈ ಹಾಕುವ ಮುಂಚೆ ಪರದೆಯ ಮೇಲೆ ಖಾಲಿ ಹಾಳೆಯೊಂದನ್ನು ತೆರೆದು ಕಾಯಬೇಕು. ಪರವಾನಗಿ ಇದ್ದವರು ಏನು ಮಾಡಬೇಕೆಂದು ತಮ್ಮ ಮಾತಿನಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಹಾಳೆ ಮುಚ್ಚಬೇಕು. ಆಮೇಲೆ ಯಂತ್ರ ಕೆಲಸ ಶುರು ಮಾಡಬೇಕು.

ಜನ ಹೊಂದಿಕೊಂಡರು. ನಮ್ಮ ಜನ ಯಾವುದಕ್ಕೆ ಹೊಂದಿಕೊಂಡಿಲ್ಲ? ಗಿರಣಿಯವರು ದಿನಾ ‘ನಿನ್ನಿ ಹಂಗ’ ಎಂದಷ್ಟೇ ಬರೆದು ಹೆಸರು ಹಾಕತೊಡಗಿದರು. ‘ನಿನ್ನಿ ಹಂಗ’ ಎಂದರೇನು ಎಂದು ತಿಳಿದುಕೊಳ್ಳಲು ಯಂತ್ರಗಳಿಗೆ ಎರಡು ವರ್ಷ ಹಿಡಿಯಿತು. ಮದುವೆಗೆ ಹೆಣ್ಣು ನೋಡಲು ಬಂದವರು ಬಂಗಾರಕ್ಕಿಂತ ಮೊದಲು ಪರವಾನಗಿ ಇದೆಯೇ ಎಂದು ಕೇಳುತ್ತಿದ್ದರು. ನನಗೆ ಇತ್ತು. ನನ್ನ ಗಂಡ ಮೌನೇಶನಿಗೆ ಇರಲಿಲ್ಲ. ಅವನು ಪರೀಕ್ಷೆಗೆ ನಾಲ್ಕು ಸಲ ಕೂತು ನಾಲ್ಕು ಸಲವೂ ಡುಮ್ಕಿ ಹೊಡೆದ. ಹಾಗಾಗಿ ಅವನ ಗಿರಣಿ ಓಡುತ್ತಿದ್ದುದು ನನ್ನ ಪರವಾನಗಿಯ ಮೇಲೆ.

ನಾನು ಫಕ್ಕೀರವ್ವ ಬಾರಕೇರ. ತುಂಗಭದ್ರೆಯ ದಂಡೆಯ ನಮ್ಮ ಊರಿನ ನೀರಿನ ನಿಯಂತ್ರಣ ಕೋಣೆಯಲ್ಲಿ ಹಾಳೆ ಬರೆಯುವವಳು. ನಾನು ತಪ್ಪು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹದಿನೆಂಟು ದಿನ ಇದೊಂದನ್ನೇ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಊರಿನ ವಾಲ್ವ್‌ಮನ್‌ಗಳದ್ದು ಒಂದು ರೂಢಿ. ವಾಲ್ವ್ ತಿರುಗಿಸುವ ಮೊದಲು ಕೈಯಲ್ಲಿನ ಕಬ್ಬಿಣದ ಚಾವಿಯಿಂದ ವಾಲ್ವಿನ ರಾಡಿಗೆ ಮೂರು ಸಲ ಬಡಿಯುವುದು. ಕೆಳಗೆ ಚೇಂಬರಿನಲ್ಲಿ ಯಾರಾದರೂ ಇಳಿದಿದ್ದರೆ ಕೇಳಿಸಲಿ, ಮೇಲೆ ಬರಲಿ ಎಂದು. ನಾನೂ ಐದು ವರ್ಷ ಆ ಚಾವಿ ಹೊತ್ತು ಓಣಿ ಓಣಿ ತಿರುಗಿದವಳು. ಕೋಣೆಗೆ ಬಂದ ಮೇಲೆ ಬಡಿಯಲು ರಾಡು ಎಲ್ಲಿಂದ ತರಬೇಕು? ಆದರೆ ಕೀಲಿಮಣೆಯಲ್ಲಿ ‘ತಡೆ’ ಎಂಬ ಕೀಲಿ ಇತ್ತು. ಬರೆಯುತ್ತಿರುವ ಸಾಲು ಬೇಡವಾದರೆ ಅದನ್ನು ಒತ್ತಬೇಕು, ಸಾಲು ಅಳಿದು ಹಾಳೆ ಚೊಕ್ಕಟವಾಗುತ್ತದೆ ಎಂದು ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿದೆ. ಒಂದು ಸಲ ಒತ್ತಿದರೆ ಸಾಕು. ನಾವು ಹಾಳೆ ತೆರೆದ ಕೂಡಲೇ ಮೂರು ಸಲ ಒತ್ತಿ, ಆಮೇಲೆ ಬರೆಯಲು ಶುರು ಮಾಡುತ್ತಿದ್ದೆವು. ಹಿಂದಿನ ಪಾಳಿಯವರ ಅರ್ಧ ಸಾಲು ಉಳಿದಿದ್ದರೆ ಹೋಗುತ್ತಿತ್ತು, ಮನಸ್ಸಿಗೂ ಸಮಾಧಾನ.

ಇನ್ನೊಂದು ಮಾತು ತಿಳಿದಿರಲಿ. ಹಾಳೆ ಬೇರೆ, ಯಂತ್ರವನ್ನು ನಡೆಸುವ ಪ್ರೋಗ್ರಾಂ ಬೇರೆ. ನಡೆಸುವುದಕ್ಕೆ ನಾವು ಮೇಟಿ ಎನ್ನುತ್ತೇವೆ. ಏನಾದರೂ ಕೇಳಬೇಕಾದಾಗ ಮೇಟಿ ಹಾಳೆಯನ್ನು ಕರೆದು ಮುಂದೆ ಕೂರಿಸಿ, ತಾನು ಹಿಂದೆ ನಿಂತು ಕಾಯುತ್ತದೆ. ನಮಗೆ ಕಾಣುವುದು ಹಾಳೆ ಮಾತ್ರ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಕಂಪನಿಯವರು ಬಂದು ಹಳೆಯ ಮೇಟಿಯನ್ನು ತೆಗೆದು ಹೊಸದನ್ನು ಕೂರಿಸಿದರು. ನಮ್ಮ ಊರು ಮೊದಲನೆಯದು. ನಮ್ಮಲ್ಲಿ ಸರಿಹೋದರೆ ಇನ್ನು ನಲವತ್ತು ಊರಿಗೆ. ಅದನ್ನು ತಂದ ಎಂಜಿನಿಯರ್ ಹೆಸರು ಪ್ರಣೀತ್, ಬೆಂಗಳೂರಿನವನು, ಮೂವತ್ತರ ಆಸುಪಾಸು.

“ಒಂದು ವರ್ಷ ಟೆಸ್ಟ್ ಮಾಡಿದೀವಿ ಮೇಡಂ, ಒಂದೇ ಒಂದು ಪ್ರಾಬ್ಲಂ ಇಲ್ಲ. ಹಾಳೆ ಅದೇ ಹಳೇದು, ನಿಮಗೆ ವ್ಯತ್ಯಾಸಾನೇ ಗೊತ್ತಾಗಲ್ಲ” ಎಂದು ಹೇಳಿ ನಾಷ್ಟಾಕ್ಕೆ ಹೋದ.

ಏಳೂ ಇಪ್ಪತ್ತಕ್ಕೆ ಹಾಳೆ ತೆರೆಯಿತು. ‘ಮೂರನೇ ಲೈನಿನಲ್ಲಿ ಒತ್ತಡ ಏರುತ್ತಿದೆ. ಏನು ಮಾಡಲಿ?’ ಮೂರನೇ ಲೈನು ಎಂದರೆ ಬಡಿಗೇರ ಓಣಿ, ಅಜ್ಜನ ಕಾಲದ ಪೈಪು. ತಡೆ ಕೀಲಿಯನ್ನು ಮೂರು ಸಲ ಒತ್ತಿ ಬರೆದೆ: ಮೂರನೇ ವಾಲ್ವ್ ಬಂದ್ ಮಾಡು. ಹಾಳೆಯ ಮೇಲೆ ಮೂಡಿದ್ದು ‘ಮೂನೇ ವಾ ಬಂ ಮಾ’.

ಕೀಲಿ ಸರಿಯಾಗಿ ಒತ್ತಿಲ್ಲವೇನೋ ಎಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಅರ್ಧ. ಪರದೆಯ ಕೆಳ ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಸಾಲೊಂದು ಕಾಣಿಸಿತು: ‘ರ ಲ್ವ್ ದ್ ಡು – ಇಂಥ ಅಪ್ಪಣೆ ಗೊತ್ತಿಲ್ಲ.’ ನನ್ನ ಉಳಿದ ಅಕ್ಷರಗಳು ಅಲ್ಲಿ ಬಿದ್ದಿದ್ದವು. ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುತ್ತ ಕೂರುವ ಹೊತ್ತೂ ಅದಾಗಿರಲಿಲ್ಲ. ಫೋನ್ ಎತ್ತಿ ನಮ್ಮ ವಾಲ್ವ್‌ಮನ್‌ನನ್ನು ಓಡಿಸಿದೆ. ಅವನು ಒಂಬತ್ತನೇ ನಿಮಿಷಕ್ಕೆ ಕೈಯಿಂದ ವಾಲ್ವ್ ಮುಚ್ಚಿದ. ಪೈಪು ಆರನೇ ನಿಮಿಷಕ್ಕೆ ಒಡೆದಿತ್ತು. ನೀರು ಹೊಡೆದ ರಭಸಕ್ಕೆ ಬಡಿಗ ದಾದಾಪೀರನ ಅಂಗಡಿಯ ಗೋಡೆ ಅವನ ಕಾಲ ಮೇಲೆ ಬಿತ್ತು.

ಮೂರನೇ ದಿನ ವಿಚಾರಣೆ ಶುರುವಾಯಿತು. ಬರಹ ಕಾಯ್ದೆಯ ವಿಚಾರಣಾಧಿಕಾರಿ ನಾಡಗೌಡರು ದೊಡ್ಡ ಮೈಯವರು, ಮಾತು ಕಡಿಮೆ. ಕಂಪನಿ ಅವರ ಮುಂದೆ ಎರಡು ಕಾಗದ ಇಟ್ಟಿತ್ತು. ಮೊದಲನೆಯದು ಮೇಟಿಯ ದಾಖಲೆ: ‘ಏಳೂ ಇಪ್ಪತ್ತಕ್ಕೆ ತಡೆ ಬಂತು, ನಿಂತೆ.’ ಎರಡನೆಯದು ನನ್ನ ಹಾಳೆ.

“ಮೇಡಂ ನಿಲ್ಲಿಸು ಅಂದ್ರು, ಅದು ನಿಂತಿತು” ಎಂದ ಪ್ರಣೀತ್. “ಆಮೇಲೆ ಗಾಬರೀಲಿ ಏನೇನೋ ಬರೆದಿದಾರೆ. ಮೂನೇ ವಾ ಬಂ ಮಾ. ಇದಕ್ಕೆ ಯಾವ ಯಂತ್ರ ತಾನೆ ಏನು ಮಾಡಕ್ಕಾಗತ್ತೆ ಸಾರ್?”

“ಹಾಳಿ ತೆರದಾಗ ತಡಿ ಒತ್ತಿದ್ರ ಅದು ಹಾಳಿಗೆ, ಮೇಟಿಗಲ್ರಿ” ಎಂದೆ. “ನಿಮ್ಮ ಕೈಪಿಡಿನ ಹೇಳತೈತಿ. ಮತ್ತ ನಾ ಪೂರ್ತಿ ಬರದೀನಿ. ಉಳಿದ ಅಕ್ಷರ ಕೆಳಗ ಬೂದು ಸಾಲಿನ್ಯಾಗ ಬಂದಿದ್ವು.”

“ಆ ಥರ ಸಾಲು ಯಾವ ದಾಖಲೇಲೂ ಇಲ್ಲ.”

ನಾಡಗೌಡರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. “ಬಾರಕೇರವರ, ಸರಳ ದಾರಿ ಒಂದೈತಿ. ‘ಗಾಬರಿಯಲ್ಲಿ ಮೇಟಿಯನ್ನು ನಿಲ್ಲಿಸಿದೆ, ತಪ್ಪಾಗಿ ಬರೆದೆ’ ಅಂತ ಹೆಸರು ಹಾಕಿಬಿಡ್ರಿ. ಬ್ಯಾರೆ ವಿಭಾಗಕ್ಕ ಹಾಕ್ತೀವಿ, ಪರವಾನಗಿ ಉಳೀತೈತಿ. ವಾದಾ ಮಾಡ್ತೀನಿ ಅಂದ್ರ ಹದಿನೆಂಟನೇ ದಿನ ಕಡೀ ವಿಚಾರಣಿ. ಅವತ್ತ ತಪ್ಪು ನಿಮ್ದ ಅಂತಾದ್ರ ಜೀವನಪೂರ್ತಿ ಪರವಾನಗಿ ಇಲ್ಲ.”

“ವಾದಾ ಮಾಡ್ತೀನ್ರಿ” ಎಂದೆ.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಮೌನೇಶ ಗಿರಣಿಯ ಹಿಟ್ಟು ಕೂಡ ಝಾಡಿಸಿಕೊಳ್ಳದೆ ಕಟ್ಟೆಯ ಮೇಲೆ ಕಾಯುತ್ತಿದ್ದ.

“ಹೆಸರು ಹಾಕಿ ಬರಬೇಕಿಲ್ಲೋ?” ಎಂದ. “ಏನ್ ಗಂಟು ಹೋಗತಿತ್ತು? ಬ್ಯಾರೆ ವಿಭಾಗಕ್ಕ ಹಾಕಿದ್ರ ಹಾಕಲಿ.”

“ಮಾಡದ ತಪ್ಪು ಮಾಡೇನಿ ಅಂತ ಬರೀಬೇಕೇನ್ರಿ?”

“ಬಗ್ಗಿದವರಿಗೆ ಒಂದು ಗುದ್ದು ಅಂತ ನನಗೂ ಗೊತ್ತೈತಿ. ಆದ್ರ ಈ ಗಿರಣಿ ನೋಡು. ನಿನ್ನ ಪರವಾನಗಿ ಹೋದ ದಿನ ಇದು ಕಬ್ಬಣದ ತೊಟ್ಟಿ. ನಾ ಐದನೇ ಸಲ ಪರೀಕ್ಷೆಗೆ ಕುಂಡ್ರಲೇನ?”

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಹೆದರಿಕೆ ನನಗೂ ಇತ್ತು. ಆದರೆ ನನ್ನ ಕೈಯಿಂದಲೇ ನನ್ನ ಬಾಯಿಗೆ ಮಣ್ಣು ಹಾಕಿಕೊಳ್ಳಲು ಹೇಳುತ್ತಿದ್ದಾರಲ್ಲ ಎಂಬ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಹೆಸರು ಹಾಕಿದರೆ ಹೊಸ ಮೇಟಿ ಚೊಕ್ಕಟ ಎಂದಾಗುತ್ತದೆ. ನಲವತ್ತು ಊರಿಗೆ ಹೋಗುತ್ತದೆ. ಆಮೇಲೆ ಇನ್ಯಾರದೋ ಕಾಲು, ಇನ್ಯಾವಳದೋ ಹೆಸರು. ಇಷ್ಟನ್ನೂ ಮೌನೇಶನಿಗೆ ಹೇಳಿದೆ. ಅವನು ಎದ್ದು ಹೋಗಿ ಗಿರಣಿಯ ಬಾಗಿಲು ಹಾಕಿದ.

ಊರಲ್ಲಿ ಮಾತ್ರ ನನಗೆ ಹೊಸ ಹೆಸರು ಬಿದ್ದಿತ್ತು. ನನ್ನ ಹಾಳೆ ಹೇಗೋ ಹೊರಗೆ ಬಂದು ಮಂದಿಯ ಬಾಯಿಗೆ ಹತ್ತಿತ್ತು. ಸಂತೆಯಲ್ಲಿ ಮೆಣಸಿನಕಾಯಿ ಕೇಳಿದರೆ, ಮಾರುವವಳು ತಕ್ಕಡಿ ಹಿಡಿದು “ಮೂನೇ ವಾ ಬಂ ಮಾ?” ಎಂದಳು. ಅಕ್ಕಪಕ್ಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೀಲ ಅಲ್ಲೇ ಬಿಟ್ಟು ಬಂದೆ.

ದಾದಾಪೀರನನ್ನು ನೋಡಲು ಹೋಗಬೇಡ ಎಂದು ಎಲ್ಲರೂ ಹೇಳಿದರು, ಹಾಗಾಗಿ ಹೋದೆ. ಕಾಲಿಗೆ ಮೊಣಕಾಲಿನ ಮೇಲಿನತನಕ ಪಟ್ಟಿ ಕಟ್ಟಿ ಮಂಚದ ಮೇಲೆ ಒರಗಿಸಿದ್ದರು. ನನ್ನ ತವರಿನ ಬಾಗಿಲು ಮಾಡಿದವನು ಅವನೇ. ಯಾವಾಗಲೂ ಅಕ್ಕಾ ಎಂದು ಕರೆಯುತ್ತಿದ್ದವನು ಅಂದು ಏನೂ ಕರೆಯಲಿಲ್ಲ.

“ಒಂದು ಕೇಳ್ತೀನಿ” ಎಂದ. “ನನ್ನ ಮ್ಯಾಲ ಗೋಡಿ ಬೀಳೂವಾಗ ನೀ ಅಲ್ಲಿ ಕುಂತು ಏನ್ ಬರದಿ?”

“ಮೂರನೇ ವಾಲ್ವ್ ಬಂದ್ ಮಾಡು ಅಂತ ಬರದೀನಿ ದಾದಾಪೀರಣ್ಣ.”

“ಮತ್ತ ಆ ಕಾಗದದಾಗ?”

“ಅರ್ಧಾ ಐತಿ. ಉಳದರ್ಧಾ ಎಲ್ಲಿ ಹೋತು ನನಗಿನ್ನೂ ಗೊತ್ತಿಲ್ಲ.”

ಅವನು ಗೋಡೆಯ ಕಡೆ ಮುಖ ಮಾಡಿದ. “ಹೌದು ನಂದ ತಪ್ಪು ಅಂದಿದ್ರ ಮಾಫ್ ಮಾಡತಿದ್ದೆ. ಕೈ ತಪ್ಪತೈತಿ, ನಂದೂ ಉಳಿ ಎಷ್ಟ ಸಲ ತಪ್ಪೈತಿ. ಸುಳ್ಳು ಹೇಳಬ್ಯಾಡ. ಗೊತ್ತಾದ ಮ್ಯಾಲ ಬಾ.”

ಮನೆಯ ತನಕ ಅಳುತ್ತ ಬಂದೆ. ನಾಡಗೌಡರು, ಪ್ರಣೀತ್, ಸಂತೆಯ ಮಂದಿ ಏನಂದರೂ ತಡೆದುಕೊಳ್ಳಬಲ್ಲೆ. ಈ ಮನುಷ್ಯ ನನ್ನನ್ನು ಸುಳ್ಳಿ ಎಂದು ತಿಳಿದು ಕುಂಟುತ್ತ ಓಡಾಡುವುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹತ್ತನೇ ದಿನ ಗಿರಣಿಯಲ್ಲಿ ಜೋಳ ತಂದವರ ಸಾಲು ದೊಡ್ಡದಿತ್ತು. ಪರವಾನಗಿ ಇನ್ನೂ ನನ್ನ ಕೈಯಲ್ಲಿತ್ತಲ್ಲ, ಮೌನೇಶ ಕರೆದ, ಹೋದೆ. ಗಿರಣಿ ಹಾಳೆ ತೆರೆಯಿತು. ತಡೆ ಕೀಲಿ ಮೂರು ಸಲ ಒತ್ತಿ ‘ಜೋಳ ಸಣ್ಣಗೆ ಬೀಸು’ ಎಂದು ಬರೆದು ಹೆಸರು ಹಾಕಿದೆ. ಗಿರಣಿ ತಿರುಗತೊಡಗಿತು.

ನಾನು ಅಲ್ಲೇ ನಿಂತೆ. ಅದೇ ಹಾಳೆ. ದೇಶದಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಹಾಳೆ, ಅದು ಕಾಯ್ದೆಯ ಪ್ರಕಾರ. ಅದೇ ತಡೆ. ಹನ್ನೊಂದು ವರ್ಷದಿಂದ ಈ ಗಿರಣಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹೀಗೆ ಒತ್ತಿದ್ದೇನೆ. ಒಂದು ದಿನವೂ ಗಿರಣಿಯ ಮೇಟಿ ನಿಂತಿಲ್ಲ. ಒಂದು ದಿನವೂ ಅಕ್ಷರ ಕಳೆದಿಲ್ಲ.

“ಏನಾತ?” ಎಂದ ಮೌನೇಶ.

“ಈ ಗಿರಣಿ ಮೇಟಿ ಮಾಡಿದವರು ಯಾರ್ರಿ?”

“ಗುರುಬಸವ್ವ. ಸ್ಟೇಶನ್ ರೋಡಿನಾಕಿ.”

ಗುರುಬಸವ್ವ ಕಂಬಾರ ಅರವತ್ತು ದಾಟಿದವಳು, ಗಿರಣಿ, ಕಬ್ಬಿನ ಗಾಣ ರಿಪೇರಿ ಮಾಡುತ್ತಾಳೆ. ಅವುಗಳ ಮೇಟಿಯನ್ನೂ ತಾನೇ ಬರೆಯುತ್ತಾಳೆ. ನಾನು ಹೋದಾಗ ವೆಲ್ಡಿಂಗ್ ಮಾಡುತ್ತಿದ್ದಳು. ನನ್ನ ಕಥೆಯನ್ನು ಪೂರ್ತಿ ಕೇಳಿ, ಕಣ್ಣಿನ ಕಪ್ಪು ಗಾಜನ್ನು ಹಣೆಗೆ ಏರಿಸಿ, ಕಂಪನಿಯ ಮೂರು ತಲೆಮಾರಿಗೆ ಬೈದಳು. ಆ ಬೈಗಳನ್ನು ಇಲ್ಲಿ ಬರೆಯುವುದಿಲ್ಲ.

“ನೋಡ ತಂಗಿ” ಎಂದಳು. “ಒಲಿ ಮುಂದ ಅವ್ವ ಕುಂತಾಳ. ಪಡಸಾಲ್ಯಾಗ ಮಗಳು ಪಾಟಿ ಮ್ಯಾಲ ಬರ್ಯಾಕತ್ತಾಳ. ಮಗಳು ತಪ್ಪು ಬರದ್ಲು. ನೀ ಬಾಗಲದಾಗ ನಿಂತು ‘ಸಾಕ್, ನಿಲ್ಲಸು’ ಅಂತ ಒದರಿದಿ. ಯಾರಿಗೆ ಒದರಿದಿ?”

“ಮಗಳಿಗೆ.”

“ಆದ್ರ ಮನ್ಯಾಗಿದ್ದ ಎಲ್ಲಾರಿಗೂ ಕೇಳತೈತಿ. ತಡಿ ಅನ್ನೂದು ಹಂಗ, ಹೆಸರು ಹಿಡದು ಕರಿಯೂದಿಲ್ಲ. ಅದಕ್ಕ ನಾ ನಮ್ಮ ಅವ್ವಗ, ಅಂದ್ರ ಮೇಟಿಗೆ, ಮೊದಲ ಹೇಳಿಟ್ಟಿರ್ತೀನಿ, ಮಗಳು ಬರದು ಮುಗಸೂತನಕ ಕಿವಿ ಮುಚಗೊಂಡು ಕುಂಡ್ರು ಅಂತ. ಒಂದ ಸಾಲು. ಅವರು ಹೇಳಿಲ್ಲ. ಅವ್ವ ತನಗ ಅಂದ್ರು ಅಂತ ತಿಳದು ಒಲಿ ಹಂಗ ಬಿಟ್ಟು ಎದ್ದು ಹೋದ್ಲು.”

ಒಲೆಯ ಮೇಲೆ ಏನಿತ್ತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. “ಮತ್ತ ನನ್ನ ಅಕ್ಷರ?”

“ಅವ್ವ ಹೋದ್ಲಂದ್ರ ಕಟ್ಟಿ ಮ್ಯಾಲಿನ ಮುದುಕ ಒಳಗ ಬರ್ತಾನ. ಯಂತ್ರದಾಗ ಒಬ್ಬ ಕಾವಲುಗಾರ ಇರ್ತಾನ, ಮೇಟಿ ಇಲ್ಲದಾಗ ಹೇಳಿದ್ದು ಕೇಳಾಕ. ಮಗಳಿಗೆ ಅವ್ವ ಹೋಗಿದ್ದು ಗೊತ್ತಿಲ್ಲ, ಬರಕೋತ ಕುಂತಾಳ. ನೀ ಒಂದೊಂದು ಅಕ್ಷರ ಒಗದಾಗೂ ಆಕೀನೂ ಕೈ ಚಾಚತಾಳ, ಮುದುಕನೂ ಕೈ ಚಾಚತಾನ. ಯಾರಿಗೆ ಸಿಗತೈತಿ ಅವರಿಗೆ. ಮುದುಕನ ಪಾಲಿಂದು ಬೂದು ಸಾಲಿಗೆ ಬಂತು. ಅಂವಾ ಏನೂ ಬರದಿಡೂದಿಲ್ಲ, ಅದಕ್ಕ ದಾಖಲಿ ಇಲ್ಲ.”

“ಒಂದು ವರ್ಷ ಟೆಸ್ಟ್ ಮಾಡ್ಯಾರಂತಲ್ಲ ಅಕ್ಕಾರ?”

“ಮಾಡಿರ್ತಾರ. ಅವರೇನು ವಾಲ್ವಿನ ರಾಡು ಬಡದವರೇನು? ತಪ್ಪಾದ್ರ ಹಿಂದಿನ ಅಕ್ಷರ ಅಳಿಸೂ ಕೀಲಿ ಒತ್ತಿರ್ತಾರ. ಹಾಳಿ ತೆರದ ಕೂಡಲೆ ತಡಿ ಬಡಿಯೋ ಮಂದಿ ಈ ಭೂಮಿ ಮ್ಯಾಲ ನೀವ ಇರಬೇಕು.”

ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. “ಗಿರಣಿ ರಿಪೇರಿಯಾಕಿ ಕಾಗದ ಯಾರು ಓದತಾರ? ಹೇಳಬ್ಯಾಡ, ತೋರಸು. ಅದೂ ಅವರ ಕೈಲೆ ಮಾಡಿಸಿ ತೋರಸು.”

ಸ್ಟೇಶನ್ ರೋಡಿನಿಂದ ಸೀದಾ ಬಡಿಗೇರ ಓಣಿಗೆ ಹೋದೆ. ಗೊತ್ತಾದ ಮೇಲೆ ಬಾ ಎಂದಿದ್ದನಲ್ಲ, ಗೊತ್ತಾಗಿತ್ತು. ದಾದಾಪೀರ ಪೂರ್ತಿ ಕೇಳಿದ. ನಂಬಿದೆ ಎನ್ನಲಿಲ್ಲ, ನಂಬಲಿಲ್ಲ ಎಂದೂ ಅನ್ನಲಿಲ್ಲ. “ವಿಚಾರಣಿ ಯಾವತ್ತ?” ಎಂದಷ್ಟೇ ಕೇಳಿದ.

ಹದಿನೆಂಟನೇ ದಿನ ಬೆಳಿಗ್ಗೆ ಹತ್ತಕ್ಕೆ ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಕಂಪನಿಯವರೇ ಹೊಸ ಮೇಟಿಯನ್ನು ಮತ್ತೆ ಕೂರಿಸಿದ್ದರು, ಪೈಪುಗಳ ಸಂಪರ್ಕ ಕಡಿದು, ಬರೀ ತೋರಿಸಲಿಕ್ಕೆ. ಮೇಟಿ ಎದ್ದಿದೆಯೋ ಇಲ್ಲವೋ ಎಂದು ಹೇಳುವ ಹಸಿರು ದೀಪವೊಂದು ಹಿಂದಿನ ಕಪಾಟಿನ ಒಳಗಿತ್ತು. ಕಪಾಟಿನ ಬಾಗಿಲು ತೆರೆದಿಡಬೇಕೆಂದು ನಾನೇ ಹೇಳಿದೆ. ಪಕ್ಕದ ಮೇಜಿನಲ್ಲಿ ಇನ್ನೊಂದು ಯಂತ್ರ, ಅದರಲ್ಲಿ ವಿಚಾರಣೆಯ ಹಾಳೆ. ನನ್ನ ತಪ್ಪೊಪ್ಪಿಗೆಯನ್ನು ಯಾರೋ ಮೊದಲೇ ಬರೆದಿಟ್ಟಿದ್ದರು, ಹೆಸರಿನ ಜಾಗ ಮಾತ್ರ ಖಾಲಿ ಇತ್ತು. ಆ ಹಾಳೆಯ ಮುಂದಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ದಾದಾಪೀರ ಎರಡು ಊರುಗೋಲು ಕಂಕುಳಲ್ಲಿಟ್ಟುಕೊಂಡು ಬಂದು ಗೋಡೆಗೆ ಒರಗಿ ನಿಂತ. ಮೌನೇಶ ಬಾಗಿಲ ಹತ್ತಿರ, ಗಿರಣಿಯ ಅಂಗಿಯಲ್ಲೇ.

ಪ್ರಣೀತ್ ಕೀಲಿಮಣೆಯ ಮುಂದೆ ಕೂತ. ಹಾಳೆ ತೆರೆಯಿತು. ‘ಮೂರನೇ ವಾಲ್ವ್ ಬಂದ್ ಮಾಡು’ ಎಂದು ಬರೆದು ಹೆಸರು ಹಾಕಿದ. ಹಸಿರು ದೀಪ ಉರಿಯುತ್ತಿತ್ತು, ಮೇಟಿ ‘ಬಂದ್ ಮಾಡಿದೆ’ ಎಂದಿತು. ಹತ್ತು ಸಲ ಮಾಡಿದ, ಹತ್ತು ಸಲವೂ ಸರಿ.

“ನೋಡಿ ಸಾರ್. ಎಲ್ಲಿದೆ ತಪ್ಪು?”

ನಾಡಗೌಡರು ನನ್ನ ಕಡೆ ತಿರುಗಿದರು. “ಏನಂತೀರಿ ಬಾರಕೇರವರ?”

“ಅವರಿಗೆ ಒಂದು ತಪ್ಪು ಸಾಲು ಬರಿಯಾಕ ಹೇಳ್ರಿ ಸಾಹೇಬ್ರ. ಆಮ್ಯಾಲ ಅದನ್ನ ಅಳಸಾಕ ಹೇಳ್ರಿ.”

ಪ್ರಣೀತ್ ತಪ್ಪು ಬರೆದ. ಹಿಂದಕ್ಕೆ ಹಿಂದಕ್ಕೆ ಹೋಗಿ ಒಂದೊಂದೇ ಅಕ್ಷರ ಅಳಿಸಿದ. ದೀಪ ಉರಿಯುತ್ತಲೇ ಇತ್ತು.

“ಹಂಗಲ್ರಿ ಸರ್” ಎಂದೆ. “ನಿಮ್ಮ ಕೈಪಿಡಿ, ಹದಿನಾಕನೇ ಪುಟ. ‘ಸಾಲು ಬೇಡವಾದರೆ ತಡೆ ಒತ್ತಿ.’ ಒತ್ರಿ.”

ಅವನ ಬೆರಳು ಎಡ ಮೂಲೆಯ ತಡೆ ಕೀಲಿಯ ತನಕ ಹೋಗಿ ಅಲ್ಲೇ ನಿಂತಿತು. ಆಗ ನನಗೆ ಗೊತ್ತಾಯಿತು. ಈ ಹುಡುಗನಿಗೆ ಗೊತ್ತಿದೆ. ಇವತ್ತು ನಿನ್ನೆಯಲ್ಲ, ಮೊದಲಿನಿಂದ ಗೊತ್ತಿದೆ.

“ಅದರ ಅವಶ್ಯಕತೆ ಇಲ್ಲ ಸಾರ್” ಎಂದು ನಾಡಗೌಡರಿಗೆ ಹೇಳಿದ. “ಸಾಲು ಅಳಿಸೋಕೆ ಬೇರೆ ದಾರಿ ಇದೆಯಲ್ಲ.”

“ಅವಶ್ಯ ಐತೋ ಇಲ್ಲೋ ನಾ ನೋಡ್ತೀನಿ. ಒತ್ರಿ.”

ಪ್ರಣೀತ್ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆಗ ಗೋಡೆಯ ಕಡೆಯಿಂದ ಊರುಗೋಲಿನ ಸದ್ದು ಕೇಳಿತು.

ದಾದಾಪೀರ ಬಂದು ಮೇಜಿಗೆ ಒರಗಿ ನಿಂತು ಒಂದು ಊರುಗೋಲನ್ನು ನನ್ನ ಕೈಗೆ ಕೊಟ್ಟ. “ಯಾವ ಕೀಲಿ ಅಕ್ಕಾ?” ಎಂದ. ತೋರಿಸಿದೆ. ಅವನ ಬೆರಳಲ್ಲಿ ಉಳಿಯ ಹಳೆಯ ಗಾಯವಿತ್ತು. ಆ ಬೆರಳಿನಿಂದ ಒಂದೇ ಒಂದು ಸಲ ಒತ್ತಿದ. ಹಾಳೆಯ ಮೇಲಿನ ಸಾಲು ಅಳಿಯಿತು. ಕಪಾಟಿನೊಳಗೆ ಹಸಿರು ದೀಪ ಆರಿತು.

ಹಾಳೆ ಮಾತ್ರ ಏನೂ ಆಗಿಲ್ಲವೆಂಬಂತೆ ಪರದೆಯ ತುಂಬ ಹರಡಿಕೊಂಡೇ ಇತ್ತು.

“ಈಗ ಬರಿ” ಎಂದೆ. “ಮೂರನೇ ವಾಲ್ವ್ ಬಂದ್ ಮಾಡು.”

ಅವನಿಗೆ ಕೀಲಿಮಣೆ ಹೊಸತು. ಒಂದೊಂದೇ ಅಕ್ಷರ ಹುಡುಕಿ, ತಪ್ಪದಂತೆ, ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದ. ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು, ನಾಡಗೌಡರಂತೂ ಕುರ್ಚಿ ಬಿಟ್ಟು ಎದ್ದು ಬಂದಿದ್ದರು. ಒತ್ತಿ ಮುಗಿದ ಮೇಲೆ ದಾದಾಪೀರ ತಲೆ ಎತ್ತಿ ಹಾಳೆಯ ಮೇಲಿದ್ದುದನ್ನು ಓದಿದ.

“ರನೇ ಲ್ವ್ ದ್ ಮಾ.”

ಕೆಳಗೆ ಬೂದು ಸಾಲು ಮೂಡಿತು. ಅದನ್ನೂ ಓದಿದ: “ಮೂ ವಾ ಬಂ ಡು. ಇಂಥ ಅಪ್ಪಣೆ ಗೊತ್ತಿಲ್ಲ.”

ಪರದೆಯ ಮೇಲೆ ಬೆರಳಿಟ್ಟು ಎರಡೂ ಸಾಲುಗಳ ಅಕ್ಷರಗಳನ್ನು ಜೋಡಿಸಿ ನೋಡಿದ. ಆಮೇಲೆ ನನ್ನ ಕೈಯಿಂದ ಊರುಗೋಲು ತೆಗೆದುಕೊಂಡ. “ನೀ ಪೂರ್ತಿ ಬರದಿದ್ದಿ ಅಕ್ಕಾ” ಎಂದ. ಅಷ್ಟು ಜನರ ಮುಂದೆ ನನಗೆ ಅಳು ಬಂತು. ಒರೆಸಿಕೊಳ್ಳಲಿಲ್ಲ. ಎಲ್ಲರೂ ನೋಡಲಿ ಎಂದು ಬಿಟ್ಟೆ.

ನಾಡಗೌಡರು ಪ್ರಣೀತನ ಪಕ್ಕ ಹೋಗಿ ನಿಂತರು. “ಗುರುಬಸವ್ವ ಅನ್ನಾಕಿ ಬರೆಯೋ ಗಿರಣಿ ಮೇಟ್ಯಾಗ ಒಂದು ಸಾಲು ಇರತೈತಂತ, ಹಾಳಿ ತೆರದಿದ್ದಾಗ ತಡಿ ಕೇಳಬ್ಯಾಡ ಅಂತ. ಬಾರಕೇರವರು ತಮ್ಮ ಹೇಳಿಕ್ಯಾಗ ಬರದುಕೊಟ್ಟಾರ. ನಿಮ್ಮದ್ರಾಗ ಯಾಕಿಲ್ಲ?”

ಪ್ರಣೀತ್ ಆರಿದ ಹಸಿರು ದೀಪದ ಕಡೆ ನೋಡಿದ. “ಇತ್ತು ಸಾರ್. ಟೆಸ್ಟ್ ಮಾಡುವಾಗ ದಿನಕ್ಕೆ ನೂರು ಸಲ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕಿತ್ತು. ಆ ಸಾಲಿದ್ರೆ ಹಾಳೆ ತೆರೆದಿರೋವಾಗ ಮೇಟಿ ನಿಲ್ಲಲ್ಲ, ಲೇಟಾಗತ್ತೆ. ಅದಕ್ಕೆ ನಾನೇ ತೆಗೆದಿದ್ದೆ. ವಾಪಸ್ ಹಾಕೋದು...” ಎಂದು ನಿಲ್ಲಿಸಿದ.

“ಯಾವಾಗ ನೆನಪಾತು?”

“ಅವತ್ತೇ. ಪೈಪ್ ಒಡೆದ ದಿನ. ನಾಷ್ಟಾ ಮುಗಿಸಿ ವಾಪಸ್ ಬರುವಾಗ.”

ಅವನ ಮೇಲೆ ಕರುಣೆ ಬರಬೇಕಿತ್ತೇನೋ. ಬರಲಿಲ್ಲ. ಮರೆತದ್ದಕ್ಕಾದರೆ ನಾನೂ ದಾದಾಪೀರನ ಹಾಗೆ ಮಾಫ್ ಮಾಡುತ್ತಿದ್ದೆ, ಯಾರ ಕೈ ತಪ್ಪುವುದಿಲ್ಲ? ಆದರೆ ನೆನಪಾದ ಮೇಲೆ ಹದಿನೆಂಟು ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನನ್ನ ಅರ್ಧ ಅಕ್ಷರಗಳನ್ನು ಓದಿ ತೋರಿಸಿದನಲ್ಲ, ಅದಕ್ಕೆ ಮಾಫಿ ಇಲ್ಲ.

ನಾಡಗೌಡರು ವಿಚಾರಣೆಯ ಹಾಳೆಯ ಕಡೆ ಕೈ ತೋರಿಸಿದರು. “ಹಾಳಿ ಹೆಸರಿಲ್ದ ಮುಚ್ಚಾಕ ಬರೂದಿಲ್ಲ. ಕಾಯ್ದೆ ಪ್ರಕಾರ ಒಂದು ಹೆಸರು ಬೇಕ. ಪ್ರಣೀತ್ ಅವರ, ಅದ್ರಾಗಿದ್ದದ್ದು ಅಳಸಿ, ಈಗ ಹೇಳಿದ್ದನ್ನ ನಿಮ್ಮ ಮಾತಿನ್ಯಾಗ ಬರದು, ಕೆಳಗ ಪೂರ್ತಿ ಹೆಸರು ಹಾಕ್ರಿ.”

“ಸಾರ್, ಕಂಪನೀನ ಒಂದು ಮಾತು ಕೇಳ್ಬೇಕು” ಎಂದ ಪ್ರಣೀತ್. “ಅವರ ಒಪ್ಪಿಗೆ ಇಲ್ದೆ ನನ್ನ ಹೆಸರು ಹಾಕಕ್ಕೆ ಆಗಲ್ಲ.”

ನಾನು ಕುರ್ಚಿಯಿಂದ ಎದ್ದೆ. ಅದನ್ನು ಅವನ ಕಡೆ ತಿರುಗಿಸಿದೆ.

“ನನ್ನ ಹೆಸರು ಹಾಕಸೂ ಮುಂದ ನೀವು ಯಾರನ್ನ ಕೇಳಿದ್ರಿ?” ಎಂದೆ. “ಕುಂಡ್ರಿ. ಬರೀರಿ.”